ಒಪ್ಪಿಗೆ ಪತ್ರ ಯಾವ ಲಿಪಿಯಲ್ಲಿ?

‘ಇಷ್ಟು ವರ್ಷ ಕೇರಳದಲ್ಲಿದ್ದೂ ನಿನ್ನ ಅತ್ತೆಗೆ ಮಲಯಾಳ ಓದಲು ಬಾರದೇ?’ ಎಂದು ಬೆಂಗಳೂರಿನಲ್ಲಿ ಕುಳಿತು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರಿಸಲಾಗದೆ ಬರೆಯುತ್ತಿದ್ದೇನೆ. ಅತ್ತೆಯ ಮನೆಯವರು ಕೇರಳಕ್ಕೆ ವಲಸೆ ಹೋದವರಲ್ಲ. 1956ರ ನವೆಂಬರ್ 1ರಂದು ಕೇರಳವೇ ಕಾಸರಗೋಡಿನವರೆಗೆ ಬಂದಿತು. ಬದಿಯಡ್ಕ ಪೇಟೆಯಲ್ಲಿ ಅವರು ಮಲಯಾಳದಲ್ಲಿ ಮೀನಿಗೆ ಚೌಕಾಸಿ ಮಾಡುತ್ತಾರೆ, ಮನೆಯಲ್ಲಿ ತುಳು ಮಾತನಾಡುತ್ತಾರೆ, ಕಲಿತದ್ದು ಕನ್ನಡ ಶಾಲೆಯಲ್ಲಾದ್ದರಿಂದ ಓದುವುದು ಕನ್ನಡವನ್ನು ಮಾತ್ರ. ನಮ್ಮಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ಅತ್ತೆಯ ಸ್ತನ ಕ್ಯಾನ್ಸರಿನ ಮಾಮೂಲು ಚಿಕಿತ್ಸೆಗೆ ಇದು ಅಡ್ಡಿಯಾಗಲಿಲ್ಲ. ಅಲ್ಲಿ ಎಲ್ಲವೂ ಮಾತಿನಲ್ಲೇ ನಡೆಯುತ್ತದೆ. ಸಿಕ್ಕು ಇರುವುದು ಹೊಸ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್‌ಗೆ ಸೇರುವಲ್ಲಿ. ಇಂಥ ಟ್ರಯಲ್‌ಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ 2019ರ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಕೊಟ್ಟು, ಲಿಖಿತ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಪತ್ರಕ್ಕೆ, ರೋಗಿಗಳ ಹಿತ ಕಾಯಲು ಟ್ರಯಲ್‌ಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮೋದನೆ ಇರಬೇಕು. ನಿಯಮ ಚೆನ್ನಾಗಿಯೇ ಇದೆ. ಆದರೆ ಕೇರಳದ ಆಸ್ಪತ್ರೆಗೆ ಔಷಧ ಕಂಪನಿ ಕಳಿಸುವುದು ಇಂಗ್ಲಿಷ್ ಮತ್ತು ಮಲಯಾಳದ ಪತ್ರಗಳನ್ನು. ಅಪರೂಪಕ್ಕೆ ಬರುವ ಒಬ್ಬ ಕನ್ನಡದ ರೋಗಿಗಾಗಿ ಅನುವಾದ ಮಾಡಿಸಿ, ಅದನ್ನು ಸಮಿತಿಯ ಮುಂದಿಟ್ಟು, ಪತ್ರ ತಿದ್ದುಪಡಿಯಾದಾಗಲೆಲ್ಲ ಅದೇ ಕೆಲಸವನ್ನು ಮತ್ತೆ ಮಾಡುವುದಕ್ಕಿಂತ ಆ ರೋಗಿಗೆ ಟ್ರಯಲ್‌ನ ಸುದ್ದಿಯನ್ನೇ ಹೇಳದಿರುವುದು ಸುಲಭ. ಹಾಗೆ ಬಿಟ್ಟುಹೋದವರು ನಿರಾಕರಿಸಿದವರ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅವರನ್ನು ಯಾರೂ ಕೇಳಿಯೇ ಇರುವುದಿಲ್ಲ.

ನಮ್ಮನ್ನು ಕೇಳಿದ್ದರು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕನ್ನಡದ ಪತ್ರ ಇಲ್ಲವೆಂದಾಗ ಅಲ್ಲಿನ ಸಿಬ್ಬಂದಿ ಸೂಚಿಸಿದ ಉಪಾಯವೆಂದರೆ, ಓದು ಬರಹ ಬಾರದವರಿಗಾಗಿ ಇರುವ ನಿಷ್ಪಕ್ಷಪಾತ ಸಾಕ್ಷಿಯ ವ್ಯವಸ್ಥೆಯನ್ನು, ಅಂದರೆ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬರ ಎದುರು ಪತ್ರವನ್ನು ವಿವರಿಸಿ ಅವರ ಸಹಿ ಪಡೆಯುವುದನ್ನು, ಬಳಸುವುದು. ಬೆಳಗ್ಗೆ ಕನ್ನಡ ಪತ್ರಿಕೆಯನ್ನು ನಿಧನ ವಾರ್ತೆಯವರೆಗೆ ಓದಿ ಮುಗಿಸದೆ ಚಹಾ ಕುಡಿಯದ ಹೆಂಗಸು ಕಾಗದದ ಮೇಲೆ ಅನಕ್ಷರಸ್ಥೆಯಾಗಬೇಕಾಗಿತ್ತು. ‘ಹೆಬ್ಬೆಟ್ಟು ಒತ್ತಲು ನಾನು ಶಾಲೆಗೆ ಹೋದದ್ದೇ?’ ಎಂದು ಅತ್ತೆ ಎದ್ದುಬಂದರು. ಅದು ಹಟವೆಂದು ನಿನಗೆ ಅನ್ನಿಸಬಹುದು. ಪ್ರಯೋಗದಲ್ಲಿರುವ ಔಷಧದಿಂದ ತನ್ನ ದೇಹಕ್ಕೆ ಏನೇನಾಗಬಹುದು, ಬೇಡವೆನಿಸಿದರೆ ನಡುವೆ ಹೊರಬರಬಹುದೇ ಎಂಬುದನ್ನು ರಾತ್ರಿ ಮನೆಯಲ್ಲಿ ಕುಳಿತು ತಾನೇ ಓದಿ ನೋಡುವ ಹಕ್ಕು ಅದು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಮಂಗಳೂರಿಗೆ ಹೋಗಿ ಎನ್ನುವೆ. ಕಾಸರಗೋಡಿನಿಂದ ಅದು ಸುಮಾರು 50 ಕಿಲೋಮೀಟರ್, ನಾವೂ ಹೋಗುತ್ತೇವೆ. ಆದರೆ ನಮಗೆ ಬೇಕಾದ ಟ್ರಯಲ್ ಅಲ್ಲಿ ನಡೆಯುತ್ತಿರಬೇಕು, ನಡೆಯುತ್ತಿದ್ದರೂ ಗೊತ್ತುಪಡಿಸಿದ ದಿನಗಳಂದೇ ತಪಾಸಣೆಗೆ ಹಾಜರಾಗಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳಿಗೂ ದಾರಿ ಸಿಗಲಿಲ್ಲವೆಂಬುದನ್ನು ಇಲ್ಲಿಯವರು ಮರೆತಿಲ್ಲ. ಕನ್ನಡಿಗರೆಂದು ಕೇರಳ ನಮ್ಮನ್ನು ಮರೆಯುತ್ತದೆ, ಕೇರಳದವರೆಂದು ಕರ್ನಾಟಕ ನಮ್ಮನ್ನು ತಡೆಯುತ್ತದೆ. ನವೆಂಬರ್ 1ರಂದು ಮಾತ್ರ ಇಬ್ಬರೂ ಹಬ್ಬ ಮಾಡುತ್ತಾರೆ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಹಲವು ಊರುಗಳಲ್ಲಿ ನಡೆಯುವ ಟ್ರಯಲ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯೂ ಇದ್ದರೆ ಕನ್ನಡದ ಪತ್ರ ಆಗಲೇ ಸಿದ್ಧವಾಗಿರುತ್ತದೆ. ಅದನ್ನು ಇಲ್ಲಿನ ಸಮಿತಿಯ ಮುಂದೆಯೂ ಇಡಬೇಕು, ಅಷ್ಟೇ. ನೀನು ಇಂಥ ಟ್ರಯಲ್‌ಗಳನ್ನು ನಡೆಸುವ ಕಂಪನಿಯಲ್ಲೇ ಇರುವವನು. ಮುಂದಿನ ಸಲ ಕೇರಳದ ಆಸ್ಪತ್ರೆಗಳಿಗೆ ಕಾಗದಪತ್ರ ಕಳಿಸುವಾಗ ಮಲಯಾಳದ ಪತ್ರದ ಜೊತೆಗೆ ಕನ್ನಡದ್ದನ್ನೂ ಮೊದಲೇ ಸೇರಿಸಿ ಕಳಿಸಲು ಹೇಳು.