ಕಿವಿರಿನ ಕೆಂಪು ಗುಳ್ಳೆಗಳು: ಹೊಂಡದ ದೋಷವೋ, ಹೊಡೆತದ ಗುರುತೋ?

ನಸುಕಿನಲ್ಲಿ ಕೃಷಿಹೊಂಡದ ಕಾಟ್ಲಾ ಮೀನುಗಳು ಮೇಲೆ ಬಂದು ಬಾಯಿ ಆಡಿಸುತ್ತಿದ್ದವು, ಒಂದನ್ನು ತಲೆಗೆ ಹೊಡೆದು ಕೊಂದು ಕಿವಿರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಅಂಚಿನಲ್ಲಿ ಕೆಂಪು ಗುಳ್ಳೆಗಳಿವೆ, ಇವು ಪರೋಪಜೀವಿಗಳೇ ಎಂದು ತಾವು ಕೇಳಿದ್ದೀರಿ. ತಾವು ಹಾಕಿರುವ ಚಿತ್ರದಲ್ಲಿ ಕಾಣುವುದು ಪರೋಪಜೀವಿಯಲ್ಲ, ಹಿಗ್ಗಿ ರಕ್ತ ತುಂಬಿಕೊಂಡ ನಾಳ. ಆದರೆ ಅದು ಹೊಂಡದಲ್ಲೇ ಹಿಗ್ಗಿತ್ತೋ ತಮ್ಮ ಹೊಡೆತಕ್ಕೆ ಹಿಗ್ಗಿತೋ ಎಂಬುದನ್ನು ಈ ಒಂದು ಸ್ಲೈಡಿನಿಂದ ತೀರ್ಮಾನಿಸಲಾಗದು.

ಮೀನಿನ ಹೃದಯ ದೂಡುವ ರಕ್ತವೆಲ್ಲ ಮೊದಲು ಕಿವಿರಿಗೇ ಬರುತ್ತದೆ. ಕಿವಿರಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿರುವ ಎಳೆಗಳೇ ತಂತುಗಳು. ಪ್ರತಿ ತಂತುವಿನ ಒಂದು ಅಂಚಿನಲ್ಲಿ ರಕ್ತ ತರುವ ಧಮನಿ, ಇನ್ನೊಂದು ಅಂಚಿನಲ್ಲಿ ಒಯ್ಯುವ ಧಮನಿ ಇದ್ದು, ಇವೆರಡನ್ನು ಕೂಡಿಸುವ ಲ್ಯಾಮೆಲ್ಲಾ ಎಂಬ ತೆಳು ಪದರಗಳು ತಂತುವಿನ ಎರಡೂ ಮೈಮೇಲೆ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಲ್ಯಾಮೆಲ್ಲಾದ ಒಳಗೆ ನಾವು ಊಹಿಸುವಂತಹ ಕೊಳವೆಯಾಕಾರದ ಲೋಮನಾಳಗಳಿಲ್ಲ. ಹತ್ತಿಯ ಹಾಸಿಗೆಯ ಎರಡು ಬಟ್ಟೆಗಳನ್ನು ನಡುನಡುವೆ ಹೊಲಿಗೆ ಹಾಕಿ ಹಿಡಿದಿರುವಂತೆ, ಎರಡು ತೆಳುಪೊರೆಗಳನ್ನು ಕಂಬದಂತಿರುವ ಪಿಲ್ಲರ್ ಕೋಶಗಳು ಹಿಡಿದು ನಿಲ್ಲಿಸಿರುತ್ತವೆ. ಈ ಕೋಶಗಳ ಮಡಿಕೆಯಲ್ಲಿ ಕೊಲಾಜೆನ್ ಎಳೆಗಳು ಹಾದುಹೋಗಿ ಬಿಗಿ ಕೊಡುತ್ತವೆ. ಈ ಕೋಶಗಳ ಸಂದಿಯಲ್ಲಿ ರಕ್ತ ತೆಳುವಾದ ಹಾಳೆಯಂತೆ ಹರಿಯುತ್ತದೆ, ಹೊರಗೆ ನೀರು ಅದಕ್ಕೆ ಎದುರು ದಿಕ್ಕಿನಲ್ಲಿ ಸಾಗುತ್ತದೆ. ಹೊರ ಅಂಚಿನುದ್ದಕ್ಕೂ ಮಾತ್ರ ಸ್ವಲ್ಪ ಅಗಲವಾದ ಒಂದು ಕಾಲುವೆಯಿದೆ.

ತಲೆಗೆ ಪೆಟ್ಟು ಬಿದ್ದಾಗ ಕಿವಿರಿನಲ್ಲಿ ರಕ್ತದ ಒತ್ತಡ ಥಟ್ಟನೆ ಏರಿ ಪಿಲ್ಲರ್ ಕೋಶಗಳು ಕಿತ್ತುಹೋಗಬಹುದು. ಹೊಲಿಗೆ ಬಿಟ್ಟ ಹಾಸಿಗೆಯಂತೆ ಆ ಜಾಗ ಉಬ್ಬುತ್ತದೆ, ರಕ್ತ ಅಲ್ಲೇ ನಿಲ್ಲುತ್ತದೆ. ಒರಟಾಗಿ ಬಲೆಯಲ್ಲಿ ಎಳೆದಾಡಿದಾಗಲೂ, ಅಮೋನಿಯಾ ಹೆಚ್ಚಾದಾಗಲೂ, ಔಷಧಿಯಾಗಿ ಹಾಕುವ ಫಾರ್ಮಲಿನ್ ಪ್ರಮಾಣ ಮೀರಿದಾಗಲೂ ಇದೇ ಚಿತ್ರ ಮೂಡಬಹುದು. ಗುಳ್ಳೆಯೊಳಗೆ ಹೆಪ್ಪುಗಟ್ಟಿದ ರಕ್ತ, ಸುತ್ತ ದಪ್ಪಗಟ್ಟಿದ ಅಂಗಾಂಶ ಕಂಡರೆ ಗಾಯ ಹಳೆಯದೆಂದು ತಿಳಿಯಬಹುದು. ತಮ್ಮ ಚಿತ್ರದಲ್ಲಿ ಅಂಥದ್ದು ನನಗೆ ಕಾಣಲಿಲ್ಲ.

ಆದ್ದರಿಂದ ಇನ್ನೊಂದು ಮೀನನ್ನು ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿಟ್ಟು, ಕಿವಿರುಮುಚ್ಚಳದ ಚಲನೆ ಪೂರ್ತಿ ನಿಂತು ಅದು ಸತ್ತಿರುವುದು ಖಚಿತವಾದ ಕೂಡಲೇ ತಂತುಗಳ ತುದಿಯನ್ನಷ್ಟೇ ಸಣ್ಣ ಕತ್ತರಿಯಿಂದ ಕತ್ತರಿಸಿ, ಹೊಂಡದ ನೀರಿನ ಒಂದು ಹನಿಯಲ್ಲಿ ಹಾಕಿ, ಕವರ್ ಸ್ಲಿಪ್ಪನ್ನು ಒತ್ತದೆ ಮುಚ್ಚಿ, 40 ಮತ್ತು 100 ಪಟ್ಟು ಹಿಗ್ಗಿಸಿ ನೋಡಿ. ಕಿವಿರು ತೆಗೆಯುವಾಗ ರಕ್ತದ ಬಣ್ಣವನ್ನೂ ಗಮನಿಸಿ: ಕಾಫಿಯಂತೆ ಕಂದಾಗಿದ್ದರೆ ಹೊಂಡದ ನೀರಿನ ನೈಟ್ರೈಟ್ ಪರೀಕ್ಷೆ ಮಾಡಿಸಬೇಕು. ಬೆಳಗಿನ ಹೊತ್ತು ಮಾತ್ರ ಬಾಯಿ ಆಡಿಸಿ ಬಿಸಿಲೇರಿದ ಮೇಲೆ ಸುಮ್ಮನಾಗುವ ಮೀನಿಗೆ ಆಮ್ಲಜನಕದ ಕೊರತೆಯೇ ಮೊದಲ ಸಂಶಯವಾದ್ದರಿಂದ, ಸ್ಲೈಡಿಗಾಗಿ ಕಾಯದೆ ಇಂದು ರಾತ್ರಿಯೇ ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡಿಸಿ, ಹೊತ್ತು ಮೂಡುವ ಮೊದಲು ನೀರಿನ ಆಮ್ಲಜನಕವನ್ನು ಅಳೆದು ಇಲ್ಲಿ ಬರೆಯಿರಿ.