ಕುಡಿದ ನೀರು ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮ ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ಕುಡಿದರೂ ದಿನಕ್ಕೆ ಎರಡೇ ಸಲ ಮೂತ್ರಕ್ಕೆ ಹೋಗುತ್ತಾರೆ. ಅದೂ ಕಡು ಹಳದಿ. ಕಿಡ್ನಿ ಸೋಸುವುದನ್ನು ನಿಲ್ಲಿಸಿದೆಯಾ ಮೇಡಂ?
– ಪಿಯುಸಿ ವಿದ್ಯಾರ್ಥಿನಿ, ಶಹಾಬಾದ್

ಉತ್ತರ: ಅಷ್ಟಕ್ಕೇ ಹಾಗೆ ಅಂದುಕೊಳ್ಳಬೇಡಮ್ಮ. ಬಿಸಿಲಲ್ಲಿ ನೀರೆಲ್ಲ ಬೆವರಾಗಿ ಹೋಗುತ್ತದೆ. ಉಳಿದದ್ದನ್ನು ಕಿಡ್ನಿ ಬಿಗಿಯಾಗಿ ಹಿಡಿದಿಡುತ್ತದೆ.

ಬ್ರಹ್ಮಪುರದ ನಮ್ಮ ಹಳೆ ಮನೆಯಲ್ಲಿ ದಸರೆಗೆ ಮುಂಚೆ ಅವ್ವ ಪಾತ್ರೆ, ಡಬ್ಬಿ, ಹಾಸಿಗೆ ಎಲ್ಲವನ್ನೂ ಅಂಗಳಕ್ಕೆ ಹಾಕಿಸುತ್ತಿದ್ದಳು. ಬೇಕಾದದ್ದು ಮಾತ್ರ ವಾಪಸ್ ಒಳಗೆ ಬರುತ್ತಿತ್ತು. ಕಿಡ್ನಿ ಮಾಡುವುದೂ ಇದನ್ನೇ. ಎರಡೂ ಕಿಡ್ನಿ ಸೇರಿ ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶ ಸೋಸುತ್ತವೆ. ನೀವು ಮನೆಗೆ ತರಿಸುವ 20 ಲೀಟರಿನ ಕ್ಯಾನ್ ಲೆಕ್ಕದಲ್ಲಿ ಒಂಬತ್ತು ಕ್ಯಾನ್! ಮೂತ್ರವಾಗುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದೆಲ್ಲ ಕಿಡ್ನಿಯೊಳಗಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಹರಿಯುವಾಗಲೇ ರಕ್ತಕ್ಕೆ ಮರಳುತ್ತದೆ. ಕೊಳವೆಯ ಮೊದಲ ಭಾಗದಲ್ಲೇ ನೀರು, ಉಪ್ಪು ಮೂರರಲ್ಲಿ ಎರಡು ಪಾಲು ವಾಪಸ್. ಸಕ್ಕರೆಯಂತೂ ಹೆಚ್ಚುಕಮ್ಮಿ ಪೂರ್ತಿ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮಾತ್ರ ಎತ್ತಿಕೊಳ್ಳುವ ಕೈಗಳು ಸಾಲದೆ ಸ್ವಲ್ಪ ಹೊರಗೆ ಹೋಗುತ್ತದೆ. ಶುಗರ್ ಇದ್ದವರ ಮೂತ್ರಕ್ಕೆ ಇರುವೆ ಮುತ್ತುವುದು ಇದಕ್ಕೇ.

ನಿಮ್ಮ ಅಪ್ಪನಿಗೆ ಬೆವರು ಸುರಿದು ರಕ್ತ ಗಟ್ಟಿಯಾಗುತ್ತಿದ್ದಂತೆ ಮೆದುಳು ಎಡಿಎಚ್ ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಕೊಳವೆಯ ಕೊನೆಯ ಭಾಗದಲ್ಲಿ ನೀರಿನ ದಾರಿ ತೆರೆಯುತ್ತದೆ. ನೀರು ರಕ್ತಕ್ಕೆ ಮರಳುತ್ತದೆ, ಬಣ್ಣ ಮತ್ತು ಕಸ ಮೂತ್ರದಲ್ಲೇ ಉಳಿಯುತ್ತವೆ. ಕಡು ಹಳದಿ ಅದಕ್ಕೇ.

ಪುಸ್ತಕದಲ್ಲಿ 'ಸ್ರವಿಸುವಿಕೆ' ಅಂತ ಇನ್ನೊಂದು ಇದೆಯಲ್ವಾ, ಅದನ್ನು ಬಾಯಿಪಾಠ ಮಾಡಿ ಬಿಡಬೇಡ. ಸೋಸುವಾಗ ತಪ್ಪಿಸಿಕೊಂಡ ಆಮ್ಲ, ಪೊಟ್ಯಾಶಿಯಂ, ಕೆಲವು ಔಷಧಿಗಳನ್ನು ಕೊಳವೆಯ ಗೋಡೆ ರಕ್ತದಿಂದ ನೇರ ಎತ್ತಿ ಮೂತ್ರಕ್ಕೆ ಹಾಕುತ್ತದೆ. ಪೆನ್ಸಿಲಿನ್ ಹೀಗೇ ಬೇಗ ಹೋಗಿಬಿಡುತ್ತದೆ. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟರು. ಔಷಧಿ ಸಾಲದೆ ಅವನ ಮೂತ್ರದಿಂದಲೇ ಮತ್ತೆ ತೆಗೆದು ಚುಚ್ಚಿದರು. ಕೊನೆಗೆ ಅದೂ ಮುಗಿಯಿತು, ಅವನು ಉಳಿಯಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಹೇಳುವಾಗ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು.

ಒಂದು ಮಾತು ಕೇಳಬೇಕು. ಬೆನ್ನುನೋವಿಗೆ ಅಂತ ಅಪ್ಪ ಮೆಡಿಕಲ್‌ನಿಂದ ತಾವೇ ಗುಳಿಗೆ ತಂದು ನುಂಗುತ್ತಾರಾ? ಮೈಯಲ್ಲಿ ನೀರು ಕಮ್ಮಿ ಇದ್ದಾಗ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತದೆ. ಮೊದಲು ಅದನ್ನು ನಿಲ್ಲಿಸಿ ಡಾಕ್ಟರರನ್ನು ಕೇಳಲಿ. ಗಣಿಗೆ ಹೋಗುವಾಗ ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯನ್ನೂ ಕಟ್ಟಿಕೊಡು. ನೆರಳಲ್ಲಿ ಎರಡು ದಿನ ಇದ್ದು ಚೆನ್ನಾಗಿ ನೀರು ಕುಡಿದ ಮೇಲೂ ಮೂತ್ರ ತಿಳಿಯಾಗದಿದ್ದರೆ, ಅಥವಾ ಕಾಲು ಊದಿದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಸರಿಯಾಗಿ ಸೋಸುತ್ತಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ ಅದು.