ಪ್ರತಿ: ಝುಲು ಯುದ್ಧದಲ್ಲಿ ಹೆಲ್ಮೆಟ್ ಬಿಳಿನಾ, ಕಂದಾ?

ನೀವು 1879ರ ಝುಲು ಯುದ್ಧದ (ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಝುಲು ಜನಕ್ಕೂ ನಡೆದಿದ್ದು) ಬ್ರಿಟಿಷ್ ಸಿಪಾಯಿ ಮಾಡೆಲ್‌ಗೆ ಬಣ್ಣ ಹಚ್ತಿದೀನಿ, ಹೆಲ್ಮೆಟ್ ಬಿಳಿನಾ ಕಂದಾ ಅಂತ ಕೇಳಿದ್ರಲ್ಲ, ಎರಡೂ ಸರಿನೇ ಸರ್. ಕೊಟ್ಟಾಗ ಬಿಳೀದೇ, ಆದ್ರೆ ಬಿಸಿಲಲ್ಲಿ ದೂರದಿಂದ್ಲೇ ಎದ್ದು ಕಾಣ್ಸುತ್ತೆ ಅಂತ ಎಷ್ಟೋ ಜನ ಟೀ ಡಿಕಾಕ್ಷನ್ ಬಳಿದು ಮಂಕು ಮಾಡ್ಕೋತಿದ್ರು, ಮುಂದಿನ ಹಿತ್ತಾಳೆ ಬಿಲ್ಲೆನೂ ತೆಗೆದಿಡ್ತಿದ್ರು. ಹಾಗಾಗಿ ಒಂದೇ ಸಮ ಹಚ್ಬೇಡಿ, ಟೀ ಕಲೆ ಥರ ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತೆಳು ಇರ್ಲಿ. ಕೋಟು ಕೆಂಪೇ, 24ನೇ ರೆಜಿಮೆಂಟ್ ಆದ್ರೆ ಕಾಲರ್, ಕಫ್ ಹತ್ರ ಹಸಿರು.

ಬಂದೂಕು ಮಾರ್ಟಿನಿ-ಹೆನ್ರಿ. ಕೆಳಗಿನ ಲಿವರ್ ತಳ್ಳಿದ್ರೆ ಖಾಲಿ ತೋಟಾ ಹೊರಗೆ, ಹೊಸದು ಹಾಕಿ ಲಿವರ್ ಮೇಲೆತ್ತಿದ್ರೆ ರೆಡಿ, ಒಂದ್ಸಲಕ್ಕೆ ಒಂದೇ ಗುಂಡು. ತೋಟಾ ತೆಳು ಹಿತ್ತಾಳೆ ತಗಡು ಸುತ್ತಿ ಮಾಡಿದ್ದು, ಬಂದೂಕು ಕಾದಾಗ ಒಳಗೇ ಕಚ್ಕೊಂಡು ಹರಿದುಹೋಗ್ತಿತ್ತು.

ಇನ್ನೊಂದು, ಈ ಯುದ್ಧದ ಇಸಾಂಡ್ಲ್ವಾನಾ ಕದನದಲ್ಲಿ ಬ್ರಿಟಿಷರು ಮದ್ದುಗುಂಡಿನ ಪೆಟ್ಟಿಗೆ ಸ್ಕ್ರೂ ಬಿಚ್ಚಕ್ಕಾಗ್ದೆ ಸೋತ್ರು ಅನ್ನೋ ಕಥೆನ ದಯವಿಟ್ಟು ನಂಬ್ಬೇಡಿ. ಜಾರೋ ಮುಚ್ಚಳಕ್ಕಿದ್ದಿದ್ದು ಒಂದೇ ಸ್ಕ್ರೂ, ಜೋರಾಗಿ ಗುದ್ದಿದ್ರೆ ಕಿತ್ಕೊಂಡು ಬರ್ತಿತ್ತು. ಆ ಕಥೆ ಹೇಳೋ ಭರದಲ್ಲಿ, ಕಾಡೆಮ್ಮೆ ಕೊಂಬಿನ ಥರ ಎರಡೂ ಕಡೆಯಿಂದ ಸುತ್ತುವರಿದು ಗೆದ್ದ ಝುಲುಗಳ ಚಾತುರ್ಯನ ಮರೆತೇಬಿಡ್ತಾರೆ, ಅದೇ ನಂಗೆ ತುಂಬಾ ಬೇಜಾರು.